ಕೂಡದೆ ಉಳಿದ ಸೀಳು

ಜೂನ್ 12, ಶುಕ್ರವಾರ

ನಿದ್ದೆ ಹತ್ತುತ್ತಿಲ್ಲ. ಕೂಸಿನ ಎಡಗಣ್ಣಿನ ಪಾಪೆ ಕೀಲಿ ತೂತಿನ ಹಾಗೆ ಕೆಳಕ್ಕೆ ಸೀಳಿದೆ. ತುಂಬು ಬಸುರಿ ನಾನು ಹೋಳಿ ಹುಣ್ಣಿಮೆಯ ಗ್ರಹಣದಲ್ಲಿ ಸೌತೆಕಾಯಿ ಹೆಚ್ಚಿದ್ದಕ್ಕೇ ಹೀಗಾಯಿತೆಂದು ಅತ್ತೆ ಎರಡು ತಿಂಗಳಿಂದ ಅನ್ನುತ್ತಿದ್ದರು. ನಾನೂ ನಂಬಿದ್ದೆ.

ಇವತ್ತು ಉದಗೀರದ ಕಣ್ಣಿನ ಡಾಕ್ಟರು ಚೀಟಿಯ ಮೇಲೆ ಬಟ್ಟಲು ಬರೆದು ತೋರಿಸಿದರು. ಹೊಟ್ಟೆಯೊಳಗೆ ಕಣ್ಣು ಮೊದಲು ಬಟ್ಟಲಿನ ಹಾಗಿರುತ್ತದಂತೆ, ತಳದಲ್ಲೊಂದು ಸೀಳು. ಆರೇಳನೇ ವಾರಕ್ಕೆ ಅದು ತಾನೇ ಕೂಡಿಕೊಳ್ಳಬೇಕು. ನಮ್ಮ ಕೂಸಿನದು ಕೂಡಲಿಲ್ಲ.

"ಗ್ರಹಣಕ್ಕಿಂತ ಎಷ್ಟೋ ಮೊದಲೇ ಆಗಿಹೋಗೇದ. ಯಾರದೂ ತಪ್ಪಿಲ್ರೀ," ಅಂದರು.

ಬಸ್ಸಿನಲ್ಲಿ ಅತ್ತೆ ದೇವಣಿಯ ತನಕ ಬೆರಳು ಮಡಚಿ ಎಣಿಸಿದರು. "ಏಳನೇ ವಾರ ಅಂದ್ರ ಶ್ರಾವಣ ಆಯ್ತಲ್ಲ, ಶುಭಾಂಗಿ. ಸೋಮವಾರ ಸೋಮವಾರ ನಾನೇ ನಿನಗ ಉಪಾಸ ಹಿಡಿಸಿದ್ದೆ."

"ಇಲ್ರೀ ಅತ್ತಿ, ಅದರಿಂದಲ್ಲ," ಅನ್ನಬೇಕಿತ್ತು. ಮಾತು ನಾಲಿಗೆಯ ತುದಿಗೇ ಇತ್ತು. ನಮ್ಮೂರು ನಿಲಂಗಾ ಬರುವ ತನಕ ಕಿಟಕಿಯಾಚೆ ನೋಡುತ್ತಾ ಕೂತೆ. ತಪ್ಪು ಅವರ ತಲೆಗೆ ಹೋಯಿತೆಂದು ಎದೆ ಹಗುರಾಗಿತ್ತು, ಥೂ.

ರಾತ್ರಿ ಅತ್ತೆ ಊಟಕ್ಕೆ ಏಳಲಿಲ್ಲ. ಪಕ್ಕದ ಕೋಣೆಯಲ್ಲಿ ಮಗ್ಗುಲು ಬದಲಿಸುತ್ತಲೇ ಇದ್ದಾರೆ. ಹೋಗಿ ಹೇಳಿಬಿಡಬೇಕು. ಎದ್ದರೆ ಕೂಸಿಗೆ ಎಚ್ಚರಾದೀತು, ಅದಕ್ಕೇ ಏಳುತ್ತಿಲ್ಲ.