ಗರಗಸದ ಮೇಲಿನ ಹಿಡಿ

ಅಂಚೆಟ್ಟಿ, 1979

ದಾಸಣ್ಣನಿಗೆ ಗುಂಡಿಯೊಳಗಿಂದ ತಿಮ್ಮಣ್ಣ ಮಾಡುವ ನಮಸ್ಕಾರ.

ನಿನಗೆ ಓದು ಬರುವುದಿಲ್ಲ, ನಾನು ಕಲಿತದ್ದು ಮೂರನೇ ಕ್ಲಾಸು. ಅದಕ್ಕೇ ಧೈರ್ಯವಾಗಿ ಬರೆಯುತ್ತಿದ್ದೇನೆ, ತಪ್ಪು ಹಿಡಿಯುವವರಿಲ್ಲ. ಮಧ್ಯಾಹ್ನ ಉಂಡು ದಿಮ್ಮಿಗೆ ಒರಗಿದವನು ನೀನು ಏಳದೆ ಹದಿನೇಳು ದಿನವಾಯಿತು. ನಿನ್ನ ತಿಥಿಯಲ್ಲಿ ಎರಡು ತಮಾಷೆ ಹೇಳಿದೆ. ಅಡುಗೆಯವರೂ ನಕ್ಕರು. ನನಗೆ ನಗುವೂ ಬರಲಿಲ್ಲ, ಅಳುವೂ ಬರಲಿಲ್ಲ. ವಡೆ ಮಾತ್ರ ನಾಲ್ಕು ತಿಂದೆ, ರುಚಿ ಕೇಳಬೇಡ.

ಇಪ್ಪತ್ತೆರಡು ವರ್ಷ ಮರ ಕೊಯ್ದೆವು. ನೀನು ದಿಮ್ಮಿಯ ಮೇಲೆ, ನಾನು ಗುಂಡಿಯಲ್ಲಿ, ನಡುವೆ ಒಂದು ಗರಗಸ. ಎತ್ತುವುದು ನಿನ್ನ ಕೆಲಸ, ಎಳೆಯುವುದು ನನ್ನದು. ಉದುರುವ ಮರದ ಹೊಟ್ಟೆಲ್ಲ ನನ್ನ ಬಾಯಿಗೆ. "ಬಾಯಿ ಮುಚ್ಕೊಂಡು ಎಳೀಲಾ, ಹೊಟ್ಟು ತಿಂದು ಆಮ್ಯಾಕೆ ಮುದ್ದೆ ಬ್ಯಾಡ ಅಂತೀಯ" ಅಂತ ನೀನು ಮೇಲಿನಿಂದ ಬೈಯುತ್ತಿದ್ದೆ. ನಿನ್ನ ಮುಖ ನನಗೆ ಕಾಣುತ್ತಿರಲಿಲ್ಲ. ನೀನು ಉಂಡು ಬಂದಿದ್ದೀಯೋ, ಅತ್ತಿಗೆ ಜೊತೆ ಜಗಳವಾಡಿ ಬಂದಿದ್ದೀಯೋ, ಅದನ್ನೆಲ್ಲ ಗರಗಸವೇ ಹೇಳುತ್ತಿತ್ತು.

ಹೋದ ವರ್ಷ ಯುಗಾದಿ ಕಳೆದ ಮೇಲೆ ಗರಗಸ ಮೇಲಕ್ಕೆ ಹೋಗುವಾಗ ತಡವರಿಸಿತು. ನಿನ್ನ ಕೈ ಸೋಲುತ್ತಿದೆ ಅಂತ ತಿಳಿಯಿತು. ಬಾಯಿಬಿಟ್ಟು ಕೇಳಿದ್ದರೆ ಅಂದೇ ಕೆಲಸ ಬಿಟ್ಟು ಮನೆಗೆ ಹೋಗುವವನು ನೀನು. ಸುಮ್ಮನೆ ಕೆಳಗಿನಿಂದ ತಳ್ಳಿಕೊಟ್ಟೆ. ಅಂದಿನಿಂದ ಪ್ರತಿ ಎಳೆತಕ್ಕೂ ಒಂದು ತಳ್ಳು. ಆಮೇಲೆ ಎಷ್ಟು ಹಗುರವಾಗಿ ಹರಿಯಿತು ಅಂತೀಯ, ದಿಮ್ಮಿಯ ಮೇಲೆ ಮಸಿನೂಲಿನಿಂದ ಹೊಡೆದ ಕಪ್ಪು ಗೆರೆ ಒಂದು ಕೂದಲಷ್ಟೂ ತಪ್ಪಲಿಲ್ಲ. ದಾಸಣ್ಣನ ಪಾಲಿನ ಕೆಲಸವನ್ನೂ ನಾನೇ ಮಾಡುತ್ತಿದ್ದೇನೆ ಅಂತ ಒಳಗೊಳಗೇ ಜಂಬಪಟ್ಟೆ.

ತಿಥಿಯ ದಿನ ಪಾಪಮ್ಮ ಅತ್ತಿಗೆ ಒಂದು ಎಣ್ಣೆ ಸೀಸೆ ತಂದು ಕೊಟ್ಟರು.

"ನಿನ್ ಭುಜಕ್ಕೆ ಅಂತ ಇವ್ರು ತಂದಿಟ್ಟಿದ್ರು. ತಿಮ್ಮನ್ ಭುಜ ಹೋಗ್ಬುಟ್ಟದೆ, ಎಳೆಯಕ್ಕಾಗಲ್ಲ, ನಾನೇ ಮ್ಯಾಲಿಂದ ಒತ್ತಿ ಕೊಡ್ತೀನಿ ಅಂತಿದ್ರು. ಹೇಳಿದ್ರೆ ಅದನ್ನೂ ತಮಾಸೆ ಮಾಡ್ತಾನೆ ಅಂತ ಹೇಳ್ನಿಲ್ಲ."

ನನ್ನ ಭುಜಕ್ಕೇನು, ಚೆನ್ನಾಗಿಯೇ ಇದೆಯಲ್ಲ ಅಂದುಕೊಂಡೆ. ಸೀಸೆಯನ್ನು ಗೋಡೆಯ ಗೂಡಿನಲ್ಲಿಟ್ಟೆ.

ನಾವು ಅರ್ಧ ಕೊಯ್ದ ಹಲಸಿನ ದಿಮ್ಮಿ ಬೆಣೆ ಸಮೇತ ಹಾಗೇ ನಿಂತಿತ್ತು. ಮರದ ಯಜಮಾನರು ದೊಡ್ಡವೆಂಕಟಪ್ಪನವರು ಬಂದು, "ಆಗ್ದಿದ್ರೆ ಹೇಳ್ಬುಡು ತಿಮ್ಮಣ್ಣ, ಹೊಸೂರಿನ ಮರ ಕೊಯ್ಯೋ ಮಿಷನ್ನಿಗೆ ಸಾಗಿಸ್ತೀನಿ" ಅಂದರು. ನೀನು ಶುರುಮಾಡಿದ ಗೆರೆಯನ್ನು ಮಿಷನ್ನು ಮುಗಿಸುವುದು ನನಗೆ ಬೇಕಿರಲಿಲ್ಲ. ನಾಟ್ರಾಂಪಾಳ್ಯದ ಚಿನ್ನಸ್ವಾಮಿಯನ್ನು ಕರೆದು ನಿನ್ನ ಜಾಗದಲ್ಲಿ ನಿಲ್ಲಿಸಿದೆ. ಗಟ್ಟಿ ಆಳು.

ನಾಲ್ಕು ಎಳೆತವೂ ಆಗಿರಲಿಲ್ಲ, ಮೇಲಿನಿಂದ ಕೇಳಿದ: "ಯಾಕಣ್ಣ ತಳ್ತೀಯ? ನಾನು ಎತ್ತಾ ಇಲ್ವಾ?"

ತಳ್ಳುವುದನ್ನು ಬಿಟ್ಟೆ. ಗರಗಸ ಸಲೀಸಾಗಿ ಮೇಲೆ ಹೋಯಿತು. ಎಳೆದರೆ ಕೆಳಗೆ ಬರಲಿಲ್ಲ. ಮೇಲಿನಿಂದ ಒತ್ತುವವರಿರಲಿಲ್ಲ. ಹಿಡಿಗೆ ಜೋತುಬಿದ್ದು ಎಳೆದೆ. ಆಗ ಭುಜ ನೋಯಿತು ದಾಸಣ್ಣ. ವರ್ಷದಿಂದ ಇದ್ದ ನೋವು ಅವತ್ತು ನನಗೆ ಗೊತ್ತಾಯಿತು.

ಹಲಗೆಯಲ್ಲಿ ನಾವು ನಿಲ್ಲಿಸಿದ ಜಾಗ ಕಾಣುತ್ತದೆ. ಅಲ್ಲಿಂದಾಚೆ ಕೊಯ್ತ ಒಂದು ಬೆರಳಗಲ ವಾಲಿದೆ. ಬಡಗಿ ಉಜ್ಜಿ ಸರಿಮಾಡುತ್ತಾನಂತೆ.

ಎಣ್ಣೆ ಹಚ್ಚಿಕೊಂಡಿದ್ದೇನೆ. ಕೆಟ್ಟ ವಾಸನೆ, ನೀನು ತಂದದ್ದಲ್ಲವೇ. ನೀನಿರುವ ಕಡೆ ನಿನ್ನ ಕೈಗೆ ಬಿಡುವು ಸಿಗಲಿ.

ಇನ್ನೂ ಕೆಳಗೇ ಇರುವ,
ತಿಮ್ಮಣ್ಣ