ಪಾಸಾಗಿದ್ದು ನನ್ನ ಹೊಲದ ಮಣ್ಣು

ಪಾಳು ಜಾಗಗಳನ್ನು ಹಸನು ಮಾಡುವ ಇಲಾಖೆಯ ದೊಡ್ಡ ಸಾಹೇಬರೇ,

ಈ ಊರಿನ ನೆಲದಲ್ಲಿ ಅರ್ಧವನ್ನು ದೇವರು ಮಾಡಿದ. ಮಿಕ್ಕಿದ್ದನ್ನು ನಾನು ಟ್ರ್ಯಾಕ್ಟರಿನಲ್ಲಿ ತಂದು ಸುರಿದೆ. ಅಂಥವನನ್ನು ಒಂದು ಮಾತೂ ಕೇಳದೆ, ಮುಚ್ಚಿಹೋದ ಬ್ಯಾಟರಿ ಕಾರ್ಖಾನೆಯ ಮಣ್ಣು ಶುದ್ಧವಾಗಿದೆ, ಅಂಗಡಿ ಸಾಲು ಕಟ್ಟಬಹುದು ಎಂದು ತಾವು ಬೋರ್ಡು ನೆಟ್ಟಿದ್ದೀರಿ. ಆ ಬೋರ್ಡು ಸುಳ್ಳು.

ತಮ್ಮ ಪರೀಕ್ಷಕರು ಬಂದ ದಿನ ನಾನೂ ಒಳಗೆ ನುಗ್ಗಿದ್ದೆ. ಕರೆಯದ ಕಡೆ ಮೊದಲು ಹೋಗುವುದು ನನ್ನ ಹುಟ್ಟುಗುಣ. ಹಿಂದಿನ ಅಂಗಳದಲ್ಲಿ, ಹಳೇ ಬ್ಯಾಟರಿ ಒಡೆದು ಸೀಸ ಕರಗಿಸುತ್ತಿದ್ದ ಜಾಗದಲ್ಲಿ, ಒಬ್ಬ ಗುದ್ದಲಿ ಹಾಕಿದ. ಠಣ್ ಎಂದಿತು. ಆತ ಕೈ ಉಜ್ಜಿಕೊಂಡ. ಇಡೀ ತಂಡ ಗೇಟಿನ ಪಕ್ಕದ ನೆರಳಿಗೆ, ಹೂವಿನ ಪಾತಿಯ ಬಳಿಗೆ ಬಂತು. ಅಲ್ಲಿ ಗುದ್ದಲಿ ಬೆಣ್ಣೆಯಲ್ಲಿ ಇಳಿದಂತೆ ಇಳಿಯಿತು. ಡಬ್ಬಿ ತುಂಬಿತು, ಜೀಪು ಹೊರಟಿತು. ವಿಜ್ಞಾನ ಎಂದರೆ ಮೆತ್ತಗಿರುವ ಕಡೆ ಅಗೆಯುವುದೇ, ಮಾನ್ಯರೇ? ಮತ್ತೆ, ಗುದ್ದಲಿ ಠಣ್ ಎನ್ನುವ ಮೊದಲೇ ಅಂಗಡಿ ಸಾಲು ಕಟ್ಟುವ ಗುತ್ತಿಗೆದಾರನ ಕುರ್ಚಿಗಳು ಆ ನೆರಳಿನಲ್ಲಿ ಸಾಲಾಗಿ ಹೇಗೆ ಕಾದಿದ್ದವು?

ಆಗ ನನಗೆ ಇದೊಂದೂ ಹೊಳೆಯಲಿಲ್ಲ. ಬೋರ್ಡು ನೆಟ್ಟ ವಾರವೇ ನನ್ನ ತಂಗಿಯ ಮಗಳಿಗೆ ಅಲ್ಲೊಂದು ಅಂಗಡಿಗೆ ಮುಂಗಡ ಕೊಟ್ಟೆ. ಅವಳು ಬಟ್ಟೆ ಹೊಲಿಯುವವಳು. ಕೂಸು ದಿನವಿಡೀ ಮೆಷಿನ್ನಿನ ಕೆಳಗೆ ಅಂಬೆಗಾಲಿಟ್ಟು ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕುತ್ತದೆ. ನಾನು ಮೀಸೆ ತಿರುವುತ್ತ ಸುದ್ದಿ ಹೇಳಿದರೆ ಅವಳು ಸೂಜಿ ಕೆಳಗಿಟ್ಟಳು.

"ಮಾವ, ಎಲ್ಲಿ ಅಗೆದ್ರು?"

"ಗೇಟ್ ಹತ್ರ, ಗುಲಾಬಿ ಪಾತೀಲಿ."

"ಕಾರ್ಖಾನೆ ಇದ್ದಾಗ ಅಲ್ಲಿ ಹುಲ್ಲೂ ಹುಟ್ತಿರ್ಲಿಲ್ಲ. ಗುಲಾಬಿ ಎಲ್ಲಿಂದ ಬಂತು?"

"ಮುಚ್ಚೋಕೆ ಸ್ವಲ್ಪ ಮುಂಚೆ, ಯಾರೋ ದೊಡ್ಡೋರು ಬರ್ತಾರಂತ ಮ್ಯಾನೇಜರ್ರು ಹಾಕ್ಸಿದ್ರು. ಹೊರಗಿಂದ ಮಣ್ಣು ತರ್ಸಿ."

"ಯಾರ ಮಣ್ಣು?"

"ಇನ್ಯಾರದ್ದೇ? ನಂದೇ! ಅಂಥ ಮಣ್ಣು ಈ ಸೀಮೇಲಿ..."

ನಾನು ಮೀಸೆಯಿಂದ ಕೈ ತೆಗೆದೆ. ಅವಳು ಕೂಸಿನ ಬಾಯಿಂದ ಗುಂಡಿ ತೆಗೆದು ಹೇಳಿದಳು: "ಪಾಸಾಗಿರೋದು ನಿಮ್ಮ ಹೊಲ ಮಾವ. ನಾನು ಮಗೂನ ಅಲ್ಲಿಗೆ ಕರ್ಕೊಂಡ್ ಹೋಗಲ್ಲ."

ಗುತ್ತಿಗೆದಾರನ ಬಳಿ ಹೋದರೆ, "ಸರ್ಕಾರಿ ಬೋರ್ಡ್ ನಂಬಲ್ವಾ ಯಜಮಾನ್ರೇ? ಮುಂಗಡ ವಾಪಸ್ ಇಲ್ಲ" ಎಂದು ನಕ್ಕ. ನಾಳೆ ಆ ಅಂಗಳಕ್ಕೆ ಕಾಂಕ್ರೀಟು ಸುರಿದರೆ ವಿಷದ ಸಾಕ್ಷಿಯೂ ಮುಚ್ಚಿಹೋಗುತ್ತದೆ. ಅವಸರ ಅದಕ್ಕೇ ಎಂದು ನಾನು ಅನುಮಾನಪಟ್ಟರೆ ತಪ್ಪೇ?

ಆದ್ದರಿಂದ ಬೋರ್ಡು ಕೀಳಿಸಿ. ಹಿಂದಿನ ಅಂಗಳವನ್ನು ಊರಿನ ಎದುರು ಅಗೆಸಿ. ಹಾರೆ ನಾನು ಹಿಡಿಯುತ್ತೇನೆ. ಕೆಟ್ಟ ಮಣ್ಣು ಸಿಕ್ಕರೆ ತೆಗೆಸಿ ಒಳ್ಳೆಯದು ತುಂಬಿಸಿ. ನನ್ನ ಹೊಲದ್ದನ್ನು ಪುಕ್ಕಟೆ ಕೊಡುತ್ತೇನೆ, ತಮ್ಮ ಪರೀಕ್ಷೆಯಲ್ಲೇ ಪಾಸಾದ ಮಣ್ಣು! ಗಾಡಿ ಮಾತ್ರ ತಾವೇ ತರಬೇಕು.

ಯಾಕೆಂದರೆ, ಮುಂಗಡ ಬರೀ ಐದು ಸಾವಿರ ಎಂದು ಊರಿಗೆಲ್ಲ ಹೇಳಿದ್ದೇನೆ. ಟ್ರ್ಯಾಕ್ಟರು ರಿಪೇರಿಗೆ ಹೋಗಿದೆ ಎಂದು ಹೆಂಡತಿಗೆ ಹೇಳಿದ್ದೇನೆ. ಸುಳ್ಳು ಬೋರ್ಡು ಕೀಳಿಸಲು ಹೊರಟವನು ತನ್ನದನ್ನೂ ಕೀಳಬೇಕಲ್ಲ. ಟ್ರ್ಯಾಕ್ಟರು ಮಾರಿ ಆಯಿತು. ಮುಂಗಡ ಕೊಟ್ಟಿದ್ದು ಎರಡು ಲಕ್ಷ ಮೂವತ್ತು ಸಾವಿರ.

ಇಂತಿ,
ಈ ಪತ್ರ ಪೇಪರಿನಲ್ಲಿ ಅಚ್ಚಾದ ದಿನ ಮನೆಗೆ ತಡವಾಗಿ ಹೋಗಲಿರುವ,
ಅರ್ಧ ಊರಿನ ಮಣ್ಣು ಹೊತ್ತವನು