ಹಳೆಬಾವಿಯ ಗ್ಯಾಸ್

ಕಾಪು
೨೭ ಏಪ್ರಿಲ್ ೨೦೨೫, ಭಾನುವಾರ

ಪ್ರೀತಿಯ ದೇವಣ್ಣಾ,

ಹೇಗಿದ್ದೀ? ಬೆನ್ನುನೋವು ಕಡಿಮೆಯಾಯಿತಾ? ಅತ್ತಿಗೆ ದುಬೈಯ ಸೆಕೆಗೆ ಹೊಂದಿಕೊಂಡರಾ? ಇಲ್ಲಿ ಅಮ್ಮ ಗಟ್ಟಿಯಾಗಿಯೇ ಇದ್ದಾರೆ. ಬೆಳಿಗ್ಗೆ ಬುಟ್ಟಿ ಹಿಡಿದು ಮೀನು ಮಾರ್ಕೆಟಿಗೆ ಹೋದರೆ ಬರುವುದು ಮಧ್ಯಾಹ್ನವೇ. ಎಪ್ಪತ್ತಾಯಿತು, ಇನ್ನು ಸಾಕು ಎಂದರೆ, "ನಾನು ಮನೆಯಲ್ಲಿ ಕೂತರೆ ನಿನ್ನ ಗ್ಯಾಸಿಗೆ ಮೀನಿನ ತಲೆ ಯಾರು ತರುವುದು?" ಎಂದು ನನ್ನ ಬಾಯಿ ಮುಚ್ಚಿಸುತ್ತಾರೆ. ನಿನ್ನ ಕಂಪೆನಿಯ ರಾಯ್‌ಸ್ಟನ್ ರಜೆ ಮುಗಿಸಿ ಇವತ್ತು ಸಂಜೆಯ ವಿಮಾನಕ್ಕೆ ಹೊರಟಿದ್ದಾನೆ. ಅವನ ಕೈಯಲ್ಲಿ ಈ ಕಾಗದವನ್ನೂ ಒಣಸಿಗಡಿ ಚಟ್ನಿಯನ್ನೂ ಕಳಿಸುತ್ತಿದ್ದೇನೆ. ಮೊದಲು ಕಾಗದ, ಆಮೇಲೆ ಚಟ್ನಿ. ವಾಟ್ಸಾಪಿನಲ್ಲಿ ಬರೆದರೆ ನೀನು ಒಂದು ಹೆಬ್ಬೆರಳು ಕಳಿಸಿ ಸುಮ್ಮನಾಗುತ್ತೀ, ಅದಕ್ಕೇ ಕೂತು ಬರೆಯುತ್ತಿದ್ದೇನೆ.

ಕಳೆದ ವರ್ಷ ರಜೆಯಲ್ಲಿ ಬಂದವನು "ಸುಖವನ್ನೂ ಬಿಡಬೇಕಾಗಿಲ್ಲ, ಭೂಮಿಯನ್ನೂ ಕೆಡಿಸಬೇಕಾಗಿಲ್ಲ, ಎರಡಕ್ಕೂ ದಾರಿ ಉಂಟು ಗುಣಾ" ಎಂದು ಮನೆಯನ್ನೇ ಬದಲಿಸಿ ಹೋದೆಯಲ್ಲ, ಸುಳ್ಳು ಯಾಕೆ ಹೇಳಲಿ, ನನಗೂ ಅದು ಇಷ್ಟವೇ ಆಗಿತ್ತು. ಮಾಡಿನ ಮೇಲಿನ ಸೋಲಾರ್‌ನಿಂದ ಈ ಸೆಕೆಯಲ್ಲಿ ಅಮ್ಮನ ಕೋಣೆಗೆ ಎ.ಸಿ. ಓಡುತ್ತದೆ. ತೆಂಗಿನ ಬುಡಕ್ಕೆ ಹೋಗುತ್ತಿದ್ದ ಮೀನಿನ ತಲೆ, ಕರುಳುಗಳ ಗ್ಯಾಸಿನಲ್ಲೇ ಅನ್ನ ಬೇಯುತ್ತದೆ, ಸ್ನಾನದ ನೀರು ಕಾಯುತ್ತದೆ. ಸಿಲಿಂಡರ್ ಬುಕ್ ಮಾಡದೆ ಹನ್ನೊಂದು ತಿಂಗಳಾಯಿತು. ಮಹಿಳಾ ಸಂಘದ ಶಾರ್ಲೆಟ್ ಬಾಯಿ ಬಂದು ಫೋಟೋ ತೆಗೆದು ಪೇಪರಿಗೂ ಕೊಟ್ಟರು. ಅಮ್ಮ ಆ ಪೇಪರನ್ನು ದೇವರ ಕೋಣೆಯಲ್ಲಿ ಇಟ್ಟಿದ್ದಾರೆ ಎಂದರೆ ನೋಡು.

ಗ್ಯಾಸಿನ ಪ್ಲಾಂಟ್ ಹಾಕಲು ಬಂದ ಯೋಗೀಶ್ ಎರಡೇ ಎರಡು ಮಾತು ಹೇಳಿದ್ದ. ಹಿತ್ತಿಲಿನ ಹಳೆಬಾವಿ ಇದಕ್ಕೆ ಬೇಡ, ಬೇರೆ ಟ್ಯಾಂಕ್ ಕೂರಿಸುವ. ಮೀನಿನದ್ದು ದಿನಕ್ಕೆ ಒಂದು ಬಕೆಟ್ ಮಾತ್ರ. ನೀನು ಕೇಳಿದೆಯಾ? ಟ್ಯಾಂಕ್ ಕೂರಿಸಿದರೆ ಕಾರಿಗೆ ಜಾಗ ಇರುವುದಿಲ್ಲವೆಂದು, ಉಪ್ಪುನೀರಾಗಿ ಪಾಳುಬಿದ್ದಿದ್ದ ಅಜ್ಜಿಯ ಕಾಲದ ಬಾವಿಗೇ ಕಾಂಕ್ರೀಟ್ ಚಪ್ಪಡಿ ಮುಚ್ಚಿಸಿ ಅಡುಗೆಮನೆಗೆ ಪೈಪ್ ಎಳೆಸಿದೆ. ಬಕೆಟಿನ ತಪ್ಪು ನಮ್ಮದು. ಒಂದು ಬಕೆಟಿಗೆ ಅಡುಗೆ ಮಾತ್ರ ಆಗುತ್ತಿತ್ತು. ಬಿಸಿನೀರೂ ಬೇಕಲ್ಲ! ಅಮ್ಮ ಮಾರ್ಕೆಟಿನ ಹೆಂಗಸರೆಲ್ಲರ ಕಸ ಒಟ್ಟುಮಾಡಿ ನಾಲ್ಕು ಬಕೆಟ್ ತರತೊಡಗಿದರು. ದಿನವೂ ಸುರಿದವಳು ನಾನೇ.

ಬಿಸು ಹಬ್ಬಕ್ಕೆ ಮೊದಲೇ ಒಲೆಯ ಉರಿ ಸಣ್ಣದಾಯಿತು. ಹಿತ್ತಿಲಲ್ಲಿ ಕೊಳೆತ ಮೊಟ್ಟೆಯ ವಾಸನೆ. ಮೀನು ಮಾರುವವರ ಮನೆಯಲ್ಲಿ ವಾಸನೆಗೆ ಹೆದರಿದರೆ ಆಗುತ್ತದಾ ಎಂದು ಸುಮ್ಮನಿದ್ದೆ. ವಾರ ಕಳೆಯುವಷ್ಟರಲ್ಲಿ ವಾಸನೆ ಹೋಯಿತು, ಅಮ್ಮನಿಗೆ ಖುಷಿಯೋ ಖುಷಿ. ಆದರೆ ನನಗೆ ಮಧ್ಯಾಹ್ನವಾದರೆ ತಲೆ ಸಿಡಿಯುತ್ತದೆ, ಕಣ್ಣು ಉರಿಯುತ್ತದೆ. ಮೀನಿನ ತಲೆಗೆ ಹೊಡೆದಾಡುತ್ತಿದ್ದ ಕಾಗೆಗಳು ಚಪ್ಪಡಿಯ ಹತ್ತಿರ ಬರುವುದಿಲ್ಲ. ಬೆಕ್ಕು ತನ್ನ ಮರಿಗಳನ್ನು ಒಂದೊಂದಾಗಿ ಕಚ್ಚಿಕೊಂಡು ಆಚೆಮನೆಗೆ ಹೋಯಿತು. ನಿನ್ನೆ ನನ್ನ ಧೃತಿ ಮಣಿಪಾಲದ ಹಾಸ್ಟೆಲಿನಿಂದ ಬಂದಳು. ಅಂಗಳಕ್ಕೆ ಕಾಲಿಟ್ಟವಳೇ ಮೂಗು ಮುಚ್ಚಿಕೊಂಡು, "ಎಂತ ವಾಸನೆ ಅಮ್ಮಾ ಇದು! ಇದರಲ್ಲಿ ನೀವು ಕೂತಿರುವುದು ಹೇಗೆ ಮಾರ್ರೆ?" ಎಂದಳು. ವಾಸನೆ ಹೋಗಿರಲಿಲ್ಲ ಅಣ್ಣಾ, ನಮ್ಮ ಮೂಗು ಹೋಗಿತ್ತು.

ಕೂಡಲೇ ಯೋಗೀಶ್‌ಗೆ ಫೋನ್ ಮಾಡಿದೆ. ಹಾಕುವುದನ್ನು ನಿಲ್ಲಿಸಿ, ಚಪ್ಪಡಿ ಮುಟ್ಟಲೇಬೇಡಿ, ಅಜೆಕಾರು ಊರಿನ ಕೆಲಸ ಮುಗಿಸಿ ಹತ್ತು ದಿನದಲ್ಲಿ ಬಾವಿ ಖಾಲಿ ಮಾಡುವ ಮೆಶಿನ್ ತರುತ್ತೇನೆ ಎಂದ. ಅಮ್ಮನಿಗೆ ಹತ್ತು ದಿನ ಬಿಸಿನೀರಿಲ್ಲದೆ ಆಗುವುದಿಲ್ಲವಂತೆ. ಪೇಪರಿನಲ್ಲಿ ಬಂದ ಮನೆಗೆ ಸಿಲಿಂಡರ್ ತಂದರೆ ಊರು ನಗುವುದಿಲ್ಲವಾ ಎನ್ನುತ್ತಾರೆ. ಊರಿನ ಬಾವಿಗಳನ್ನೆಲ್ಲ ಕೆಸರು ತೆಗೆದು ತೊಳೆಯುವ ಕಿಟ್ಟಣ್ಣ ಇದ್ದಾರಲ್ಲ, ಅವರನ್ನೇ ಇಳಿಸುವುದಂತೆ. ನೀನೂ ನಿನ್ನೆ ರಾತ್ರಿ ಫೋನಿನಲ್ಲಿ ನಕ್ಕು, "ಆಗಲಿ, ಕಿಟ್ಟಣ್ಣನಿಗಿಂತ ಬಾವಿ ಗೊತ್ತಿದ್ದವರು ಯಾರು?" ಎಂದುಬಿಟ್ಟೆ. ಮಂಗಳವಾರ ಬೆಳಿಗ್ಗೆ ಎಂಟಕ್ಕೆ ಚಪ್ಪಡಿ ತೆಗೆಯುವುದೆಂದು ನಿಶ್ಚಯವಾಗಿದೆ. ನನಗೆ ಮೈಯೆಲ್ಲ ಉರಿಯುತ್ತಿದೆ ಮಾರಾಯ. ಇಲ್ಲಿ ಉಸಿರಾಡುವವಳು ನಾನು, ಮಾತು ನಡೆಯುವುದು ಮಾತ್ರ ದುಬೈಯದ್ದು. ಹೊಗೆ ಉಗುಳುವ ಸೌದೆ ಒಲೆಗೆ ಮರಳುವ ಆಸೆ ನನಗೂ ಇಲ್ಲ. ಸೋಲಾರ್ ಇರಲಿ, ಗ್ಯಾಸೂ ಇರಲಿ. ಆದರೆ ಸರಿಯಾದ ಟ್ಯಾಂಕ್ ಕೂರಿಸು, ಕಾರು ಬೇಕಾದರೆ ರಸ್ತೆಯಲ್ಲಿ ನಿಲ್ಲಲಿ.

ಅತ್ತಿಗೆಯನ್ನು ಕೇಳಿದೆನೆಂದು ಹೇಳು. ನಿನ್ನ ಮೇಲೆ ಎಷ್ಟು ಸಿಟ್ಟಿದ್ದರೂ ದೇವರ ಮುಂದೆ ನಿಂತಾಗ ನೀವಿಬ್ಬರು ತಣ್ಣಗಿರಲಿ ಎಂದೇ ಕೈಮುಗಿಯುತ್ತೇನೆ.

ನಿನ್ನ ತಂಗಿ
ಗುಣವತಿ

ವಿ.ಸೂ.: ಕಾಗದ ಅಂಟಿಸುವಷ್ಟರಲ್ಲಿ ಕಿಟ್ಟಣ್ಣ ಹಗ್ಗ ತಂದಿಡಲು ಬಂದರು. ನನ್ನ ಮುಖ ನೋಡಿ ಅವರೇ ಧೈರ್ಯ ಹೇಳಿದರು: "ಹೆದರುವುದು ಬೇಡ ತಂಗಿ. ನಾನು ಯಾವ ಬಾವಿಗೂ ಸುಮ್ಮನೆ ಇಳಿದವನಲ್ಲ. ಮೊದಲು ಹಗ್ಗಕ್ಕೆ ಕಟ್ಟಿ ಉರಿಯುವ ದೀಪ ಇಳಿಸುವುದು. ದೀಪ ಆರಿದರೆ ಒಳಗೆ ಗಾಳಿ ಇಲ್ಲ ಎಂದು, ಆಗ ನಾನು ಇಳಿಯುವುದಿಲ್ಲ." ನಲವತ್ತು ವರ್ಷ ಅವರ ಜೀವ ಉಳಿಸಿದ ಕ್ರಮ ಅದು. ಆದರೆ ಅಣ್ಣಾ, ಈ ಬಾವಿಯಲ್ಲಿ ತುಂಬಿರುವುದು ನನ್ನ ಒಲೆಯಲ್ಲಿ ಉರಿಯುವ ಗ್ಯಾಸ್! ಅದಕ್ಕೆ ದೀಪ ಇಳಿಸಿದರೆ ಎಂತಾಗುತ್ತದೆ ಎಂದು ಹೇಳಿದೆ, ಬೊಬ್ಬೆ ಹೊಡೆದು ಹೇಳಿದೆ. ಅಮ್ಮ "ಹಿರಿಯರಿಗೆ ಕಲಿಸಲು ಹೋಗಬೇಡ" ಎಂದರು. ಕಿಟ್ಟಣ್ಣ ನಕ್ಕು ದೀಪಕ್ಕೆ ಎಣ್ಣೆ ಕೇಳಿದರು. ಫೋನಿನಲ್ಲಿ ಹೇಳಿದರೆ ನೀನು ಮತ್ತೆ ನಕ್ಕುಬಿಡುತ್ತೀ, ಅದಕ್ಕೇ ಇದನ್ನೂ ಬರೆದೆ. ನಾಳೆ ಕಾಗದ ಕೈಸೇರಿದ ಕೂಡಲೇ ಕಿಟ್ಟಣ್ಣನಿಗೆ ನೀನೇ ಫೋನ್ ಮಾಡು, ನಂಬರ್ ಹಿಂದೆ ಬರೆದಿದ್ದೇನೆ. ನೀನು ಬೇಡ ಎಂದರೆ ಮಾತ್ರ ನಿಲ್ಲುತ್ತಾರೆ. ನೀನು ಮಾಡದಿದ್ದರೆ ಮಂಗಳವಾರ ಎಂಟು ಗಂಟೆಗೆ ನಾನು ಆ ಚಪ್ಪಡಿಯ ಮೇಲೆ ಕೂತಿರುತ್ತೇನೆ, ಯಾರು ಎಳೆದರೂ ಏಳುವುದಿಲ್ಲ. ಧೃತಿಯನ್ನು ಊಟ ಕೂಡ ಮಾಡಿಸದೆ ಈಗಷ್ಟೇ ಹಾಸ್ಟೆಲಿಗೆ ವಾಪಸ್ ಕಳಿಸಿಬಿಟ್ಟೆ.